ಸಮುದಾಯ ಭವನಕ್ಕೆ ಯಾವ ವೈರಿಂಗ್ ಮಾಡಿಸಬೇಕು? ಪಿವಿಸಿ ಪೈಪಾ, ಕಬ್ಬಿಣದ ಪೈಪಾ? ಮುಂದಿನ ವಾರ ಸ್ಲ್ಯಾಬ್ ಇದೆ

ಕಮಿಟಿ ಕಾರ್ಯದರ್ಶಿ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಪಕ್ಕದ ನಮ್ಮೂರಲ್ಲಿ ಸಮುದಾಯ ಭವನ ಕಟ್ಟುತ್ತಿದ್ದೇವೆ. ಕೆಳಗೆ ಊಟದ ಹಾಲ್, ಅಡುಗೆಮನೆ. ಮೇಲೆ ಮದುವೆ ಹಾಲ್, ಸ್ಟೇಜ್, ಎರಡು ರೂಮು. ಮೇಲಿನ ಹಾಲ್‌ನಲ್ಲಿ 400 ಕುರ್ಚಿ ಹಿಡಿಯುತ್ತವೆ. ಅದರ ಸ್ಲ್ಯಾಬ್‌ಗೆ ಮುಂದಿನ ವಾರ ಕಂಬಿ ಕಟ್ಟುತ್ತಾರೆ. ಅಷ್ಟರೊಳಗೆ ಕರೆಂಟ್ ಪೈಪ್ ಯಾವುದು ಅಂತ ತೀರ್ಮಾನ ಆಗಬೇಕು.

ಕಮಿಟಿಯಲ್ಲಿ ಮೂರು ಮಾತು ಓಡುತ್ತಿದೆ. ನಮ್ಮ ಎಲೆಕ್ಟ್ರಿಷಿಯನ್ ಹೇಳುವುದು, ಸ್ಲ್ಯಾಬ್‌ನಲ್ಲಿ ಪಿವಿಸಿ, ಗೋಡೆ ಕೊರೆದು ಪಿವಿಸಿ, ಜಿಪ್ಸಮ್ ಸೀಲಿಂಗ್ ಮೇಲೆ ಫ್ಲೆಕ್ಸಿಬಲ್ ಪೈಪ್, ಅಷ್ಟು ಸಾಕು ಅಂತ. ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗ ಒಬ್ಬ ವಿಡಿಯೊ ತೋರಿಸಿ, ಎನ್‌ಇಸಿ ಅನ್ನುವ ವೈರಿಂಗ್ ನಿಯಮದ ಪ್ರಕಾರ 100 ಜನ ಸೇರುವ ಕಟ್ಟಡದಲ್ಲಿ ಪ್ಲಾಸ್ಟಿಕ್ ಪೈಪ್ ಹಾಕುವಂತೆಯೇ ಇಲ್ಲ, ಲೋಹದ ಪೈಪೇ ಬೇಕು ಅಂತ ಹಟ ಹಿಡಿದಿದ್ದಾನೆ. ಹಿರಿಯರು ಮಾತ್ರ ಮನೆಗೆ ಹಾಕುವುದನ್ನೇ ಹಾಕಿ ಮುಗಿಸಿ, ಉಳಿದ ದುಡ್ಡಿಗೆ ಕಿಟಕಿ ಆಗಬೇಕು ಅನ್ನುತ್ತಾರೆ.

ನನಗೆ ಕರೆಂಟ್ ವಿಷಯ ಗೊತ್ತಿಲ್ಲ. ಆದರೆ ಆ ಹಾಲ್‌ನಲ್ಲಿ ಕೂರುವವರು ನಮ್ಮ ಜನ. ಸರಿಯಾದದ್ದು ಯಾವುದು, ಕಾನೂನು ಏನು ಹೇಳುತ್ತದೆ, ದಯವಿಟ್ಟು ತಿಳಿದವರು ಹೇಳಿ.

ಶಿರಾ ವೈರ್‌ಮ್ಯಾನ್

ಅಣ್ಣ, ಸ್ಲ್ಯಾಬ್ ಒಳಗೆ ಪಿವಿಸಿ ಹಾಕಿ, ಭಯ ಬೇಡ. ಕಾಂಕ್ರೀಟ್ ಒಳಗೆ ಕೂತ ಪೈಪ್‌ಗೆ ಗಾಳಿ ಸಿಗುವುದಿಲ್ಲ, ಬೆಂಕಿ ಹಬ್ಬುವ ದಾರಿಯೂ ಇಲ್ಲ. ಆದರೆ ಐಎಸ್‌ಐ ಗುರುತಿರುವ ಗಟ್ಟಿ ಪೈಪ್ ಆಗಬೇಕು, 25 ಮಿ.ಮೀ. ಇರಲಿ. ತೆಳು ಪೈಪ್ ತಂದರೆ ಕಾಂಕ್ರೀಟ್ ಹಾಕುವವರು ಮೇಲೆ ಓಡಾಡುವಾಗಲೇ ಚಪ್ಪಟೆ ಆಗುತ್ತದೆ. ಆಮೇಲೆ ವೈರ್ ಎಳೆಯುವಾಗ ಅಳುವುದು ನಾವು. ಜಾಯಿಂಟ್‌ಗೆಲ್ಲ ಸಲ್ಯೂಷನ್ ಹಚ್ಚಿಸಿ. ಸುಮ್ನೆ ಸಿಕ್ಕಿಸಿ ಬಿಟ್ಟರೆ ಸಿಮೆಂಟ್ ಹಾಲು ಒಳಗೆ ಇಳಿದು ಪೈಪ್ ಮುಚ್ಚಿಹೋಗುತ್ತದೆ.

ನಿಜವಾದ ತೊಂದರೆ ಸೀಲಿಂಗ್ ಮೇಲೆ. ನಾನು ಎಷ್ಟೋ ಮಂಟಪಗಳ ಸೀಲಿಂಗ್ ಬಿಚ್ಚಿ ನೋಡಿದ್ದೇನೆ. ಫ್ಲೆಕ್ಸಿಬಲ್ ಪೈಪ್ ಅರ್ಧ ದಾರಿಗೆ ಬಂದು ನಿಂತಿರುತ್ತದೆ, ಅಲ್ಲಿಂದ ಮುಂದೆ ಬರೀ ವೈರ್. ಜಾಯಿಂಟ್‌ಗೆ ಎರಡು ಸುತ್ತು ಟೇಪ್. ಜಂಕ್ಷನ್ ಬಾಕ್ಸ್ ಇಲ್ಲ. ಇಲಿ ಕಡಿದ ಗುರುತು ಬೇರೆ. ಮೇಲೆ ಧೂಳು ಬೆರಳುದ್ದ. ಕೆಳಗೆ ಕೂತವರಿಗೆ ಕಾಣುವುದು ಬಿಳಿ ಸೀಲಿಂಗ್ ಮಾತ್ರ.

ಕೋಲಾರದ ಡಿಸೈನ್ ಕೆಲಸದವಳು

ಆ ಹುಡುಗನ ಮಾತು ಅರ್ಧ ಸರಿ. ಎನ್‌ಇಸಿ ಅನ್ನುವ ಹೆಸರಲ್ಲಿ ಎರಡು ಬೇರೆ ಬೇರೆ ನಿಯಮ ಇವೆ, ಗೊಂದಲ ಆಗಿರುವುದು ಅಲ್ಲೇ. ಒಂದು ಅಮೆರಿಕದ್ದು, 1897ರಿಂದ ಇದೆ. ಇನ್ನೊಂದು ನಮ್ಮದು, ಭಾರತೀಯ ಮಾನಕ ಬ್ಯೂರೊ ಹೊರಡಿಸಿದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್, ಎಸ್‌ಪಿ 30. ಮೊದಲು 1985ರಲ್ಲಿ ಬಂತು, ಆಮೇಲೆ 2011ರಲ್ಲಿ, ಈಗಿನದು 2023ರದ್ದು. ಹುಡುಗ ನೋಡಿದ ವಿಡಿಯೊ ಅಮೆರಿಕದ್ದು. ಅಲ್ಲಿ 518ನೇ ಭಾಗ 100 ಅಥವಾ ಹೆಚ್ಚು ಜನ ಸೇರುವ ಜಾಗಗಳಿಗೇ ಮೀಸಲು. ಅಲ್ಲಿ ಲೋಹದ ಪೈಪ್ ಅಥವಾ ಲೋಹದ ಕವಚದ ಕೇಬಲ್ ಕೇಳುತ್ತಾರೆ, ನಿಜ. ಆದರೆ ಅದೇ ಸಾಲಿನಲ್ಲಿ ಇನ್ನೊಂದು ಮಾತೂ ಇದೆ. ಕನಿಷ್ಠ 50 ಮಿ.ಮೀ. ಕಾಂಕ್ರೀಟ್ ಒಳಗೆ ಹುದುಗಿದ್ದರೆ ಪ್ಲಾಸ್ಟಿಕ್ ಪೈಪ್ ಆಗಬಹುದು ಅಂತ. ಶಿರಾ ಅಣ್ಣ ಅನುಭವದಿಂದ ಹೇಳಿದ್ದೂ ಅದೇ ಅಲ್ವಾ?

ಅಲ್ಲಿ ಮರದ ಚೌಕಟ್ಟು, ಜಿಪ್ಸಮ್ ಹಲಗೆಯ ಗೋಡೆ ಜಾಸ್ತಿ. ಗೋಡೆಯ ಹೊಟ್ಟೆ ಟೊಳ್ಳು. ನಮ್ಮದು ಇಟ್ಟಿಗೆ, ಕಾಂಕ್ರೀಟ್. ಹಾಗಾಗಿ ಅಲ್ಲಿನ ನಿಯಮವನ್ನು ಇಲ್ಲಿಗೆ ಎತ್ತಿಕೊಂಡು ಬರುವುದು ಬೇಡ. ಅದರ ಹಿಂದಿರುವ ಕಾರಣ ಮಾತ್ರ ತೆಗೆದುಕೊಳ್ಳಿ. ಎಲ್ಲಿ ಟೊಳ್ಳು ಜಾಗ ಇದೆಯೋ ಅಲ್ಲಿ ಬೆಂಕಿ ಯಾರಿಗೂ ಕಾಣದೆ ಹರಿಯುತ್ತದೆ. ನಿಮ್ಮ ಭವನದಲ್ಲಿ ಆ ಟೊಳ್ಳು ಜಾಗ ಜಿಪ್ಸಮ್ ಸೀಲಿಂಗ್ ಮೇಲೆ, ಸ್ಟೇಜ್ ಹಿಂದೆ, ಸ್ಟೇಜ್ ಕೆಳಗೆ. ಅಲ್ಲಿ ಕಬ್ಬಿಣದ ಪೈಪ್ ಹಾಕಿಸಿ. ಉಳಿದ ಕಡೆ ಪಿವಿಸಿ ಸಾಕು.

ನಮ್ಮಲ್ಲಿ ನೋಡಬೇಕಾದ ಮಾನಕಗಳು: ವೈರಿಂಗ್‌ಗೆ ಐಎಸ್ 732, ಅರ್ತಿಂಗ್‌ಗೆ ಐಎಸ್ 3043, ಪೈಪ್‌ಗೆ ಐಎಸ್ 9537. ಅದರ 2ನೇ ಭಾಗ ಕಬ್ಬಿಣದ ಪೈಪ್, 3ನೇ ಭಾಗ ಪ್ಲಾಸ್ಟಿಕ್ ಪೈಪ್. ಬಿಲ್‌ನಲ್ಲಿ ಈ ಸಂಖ್ಯೆ ಬರೆಸಿಕೊಳ್ಳಿ.

ಮಧುಗಿರಿ ಕಂಟ್ರ್ಯಾಕ್ಟರ್

ಮೇಡಂ, ನಿಮ್ಮ ಮಾತು ಪೂರ್ತಿ ಒಪ್ಪುವುದಿಲ್ಲ. ಕಬ್ಬಿಣದ ಪೈಪ್ ಅಂದ ತಕ್ಷಣ ಸುರಕ್ಷಿತ ಅಂತಲ್ಲ. ಕೆಟ್ಟದಾಗಿ ಹಾಕಿದ ಕಬ್ಬಿಣದ ಪೈಪ್‌ಗಿಂತ ಒಳ್ಳೆಯದಾಗಿ ಹಾಕಿದ ಪಿವಿಸಿ ಎಷ್ಟೋ ಮೇಲು. ಪೈಪ್ ಕತ್ತರಿಸಿದ ಬಾಯಿಯಲ್ಲಿ ಚೂಪು ಉಳಿಯುತ್ತದೆ. ಅದನ್ನು ಅರದಿಂದ ಉಜ್ಜದೆ ವೈರ್ ಎಳೆದರೆ ಇನ್ಸುಲೇಷನ್ ಸೀಳಿಕೊಂಡು ಬರುತ್ತದೆ. ಆಮೇಲೆ ಪೈಪ್‌ಗೆ ಅರ್ತಿಂಗ್ ಇಲ್ಲದಿದ್ದರೆ ಇಡೀ ಪೈಪ್‌ನಲ್ಲಿ ಕರೆಂಟ್. ಏಣಿ ಹತ್ತಿ ಫ್ಯಾನ್ ರಿಪೇರಿ ಮಾಡುವ ಹುಡುಗ ಅದನ್ನು ಹಿಡಿದುಕೊಂಡರೆ ಗತಿಯೇನು? ನಮ್ಮ ಕಡೆ ಈ ಕೆಲಸ ಚೆನ್ನಾಗಿ ಬಲ್ಲ ಹುಡುಗರೂ ಕಡಿಮೆ ಆಗಿದ್ದಾರೆ. ಎಲ್ಲರೂ ಪಿವಿಸಿಯಲ್ಲೇ ಕಲಿತವರು.

ಕೋಲಾರದ ಡಿಸೈನ್ ಕೆಲಸದವಳು

ಸರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ, ಅದನ್ನು ನಾನೇ ಮೊದಲು ಬರೆಯಬೇಕಿತ್ತು. ಕಬ್ಬಿಣದ ಪೈಪ್ ಹಾಕುವವರು ಈ ನಾಲ್ಕು ಕೆಲಸ ಬಿಡಬಾರದು. ಬಾಯಿ ಉಜ್ಜಿ ಬುಷ್ (ವೈರ್ ಸೀಳದಂತೆ ಬಾಯಿಗೆ ಹಾಕುವ ನುಣುಪು ಬಳೆ) ಹಾಕಬೇಕು. ಪ್ರತಿ ಜಾಯಿಂಟ್ ದಾಟಿಯೂ ಅರ್ತ್ ಹರಿಯುತ್ತಿದೆಯಾ ಅಂತ ಮೀಟರ್ ಇಟ್ಟು ನೋಡಬೇಕು. ಪ್ರತಿ ಒಂದು ಮೀಟರ್ ಉದ್ದಕ್ಕೆ ಒಂದು ಸ್ಯಾಡಲ್ (ಪೈಪ್ ಹಿಡಿದಿಡುವ ಪಟ್ಟಿ) ಬೇಕು, ಸೀಲಿಂಗ್ ಕಂಬಿಗೆ ತಂತಿಯಿಂದ ಕಟ್ಟಿ ನೇತುಹಾಕುವುದಲ್ಲ. ಕೊನೆಯದು ತುಂಬಾ ಜನ ಮರೆಯುವುದು: ಒಂದು ಸರ್ಕ್ಯೂಟ್‌ನ ಫೇಸ್ ಮತ್ತು ನ್ಯೂಟ್ರಲ್ ಒಂದೇ ಪೈಪ್‌ನಲ್ಲಿ ಹೋಗಬೇಕು. ಫೇಸ್ ಒಂದು ಕಬ್ಬಿಣದ ಪೈಪ್‌ನಲ್ಲಿ, ನ್ಯೂಟ್ರಲ್ ಇನ್ನೊಂದರಲ್ಲಿ ಹೋದರೆ ಪೈಪೇ ಬಿಸಿಯಾಗುತ್ತದೆ. ಪಿವಿಸಿಯಲ್ಲಿ ಈ ತಪ್ಪು ಗೊತ್ತಾಗುವುದಿಲ್ಲ. ಅದಕ್ಕೇ ಪಿವಿಸಿಯಲ್ಲಿ ಕಲಿತ ಹುಡುಗರಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಅಷ್ಟು ಮಾಡುವವರು ಸಿಗದಿದ್ದರೆ ಇನ್ನೊಂದು ದಾರಿ ಇದೆ. ಸೀಲಿಂಗ್ ಮೇಲಿನ ಓಟವನ್ನೇ ಕಡಿಮೆ ಮಾಡಿ. ಪ್ರತಿ ಲೈಟ್, ಫ್ಯಾನ್ ಬರುವ ಜಾಗಕ್ಕೆ ಸರಿಯಾಗಿ ಸ್ಲ್ಯಾಬ್‌ನಲ್ಲೇ ಬಾಕ್ಸ್ ಇಡಿಸಿ. ಆಗ ಸ್ಲ್ಯಾಬ್ ಬಾಕ್ಸ್‌ನಿಂದ ಲೈಟ್‌ವರೆಗೆ ಒಂದು ಗಜ ಲೋಹದ ಫ್ಲೆಕ್ಸಿಬಲ್ ಸಾಕು. ಸ್ಲ್ಯಾಬ್ ಇನ್ನೂ ಹಾಕಿಲ್ಲ, ನಿಮಗೆ ಆ ಅವಕಾಶ ಇದೆ. ಸೀಲಿಂಗ್ ಡಿಸೈನ್ ಆಮೇಲೆ ನೋಡೋಣ ಅನ್ನಬೇಡಿ, ಈ ವಾರವೇ ಕೂತು ಮುಗಿಸಿ.

ಮಧುಗಿರಿ ಕಂಟ್ರ್ಯಾಕ್ಟರ್

ಇದು ಒಪ್ಪುತ್ತೇನೆ ಮೇಡಂ. ಇದರಲ್ಲಿ ಖರ್ಚೂ ಕಡಿಮೆ.

ಬಂಗಾರಪೇಟೆ ನಿವೃತ್ತರು

ಕಾನೂನಿನ ಮಾತು ಯಾರೂ ಎತ್ತಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ವಿದ್ಯುತ್ ಕಾಯ್ದೆ 2003ರ 54ನೇ ಕಲಂ ಓದಿ. 100 ಅಥವಾ ಹೆಚ್ಚು ಜನ ಸಾಮಾನ್ಯವಾಗಿ ಸೇರುವ ಜಾಗದಲ್ಲಿ 250 ವ್ಯಾಟ್ ಮತ್ತು 100 ವೋಲ್ಟ್ ಮೀರಿ ವಿದ್ಯುತ್ ಬಳಸುವ ಮೊದಲು ಕನಿಷ್ಠ 7 ದಿನ ಮುಂಚೆ ವಿದ್ಯುತ್ ಪರಿವೀಕ್ಷಕರಿಗೆ ಮತ್ತು ಜಿಲ್ಲಾ ದಂಡಾಧಿಕಾರಿಗೆ ಲಿಖಿತ ತಿಳಿವಳಿಕೆ ಕೊಡಬೇಕು. ಅಂದರೆ 100 ಅನ್ನುವ ಲೆಕ್ಕ ನಮ್ಮ ಕಾಯ್ದೆಯಲ್ಲೂ ಇದೆ, ಅದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಇನ್ನೂ ಬಿಗಿ. ಅದರಲ್ಲಿ 50 ಜನ ಸೇರುವ ಕಟ್ಟಡವೇ ಡಿ ಗುಂಪಿಗೆ ಬರುತ್ತದೆ. ಮದುವೆ ಮಂಟಪ, ದೇವಸ್ಥಾನ, ಸಭಾಂಗಣ ಎಲ್ಲ ಅದರಲ್ಲೇ.

ವೈರಿಂಗ್ ಕೆಲಸ ಸರ್ಕಾರದ ಲೈಸೆನ್ಸ್ ಇರುವ ಕಂಟ್ರ್ಯಾಕ್ಟರ್ ಮೂಲಕವೇ ಆಗಬೇಕು, ಪರ್ಮಿಟ್ ಇರುವ ಸೂಪರ್‌ವೈಸರ್ ನಿಂತು ನೋಡಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಇದನ್ನೇ ಹೇಳುತ್ತವೆ. 2010ರಲ್ಲಿ ಇದ್ದದ್ದನ್ನು 2023ರಲ್ಲಿ ಹೊಸದಾಗಿ ತಂದರು. ನಿಮ್ಮ ಎಲೆಕ್ಟ್ರಿಷಿಯನ್ ಒಳ್ಳೆಯವರೇ ಇರಬಹುದು. ಆದರೂ ಲೈಸೆನ್ಸ್ ಪ್ರತಿ ಕೇಳಿ ಇಟ್ಟುಕೊಳ್ಳಿ. ಕೆಲಸ ಶುರುವಾಗುವ ಮುಂಚೆಯೇ ನಕ್ಷೆ ಹಿಡಿದುಕೊಂಡು ವಿದ್ಯುತ್ ಪರಿವೀಕ್ಷಣಾಲಯಕ್ಕೆ ಹೋಗಿ ಬನ್ನಿ, ಬೆಸ್ಕಾಂ ಕಚೇರಿಗೂ ಹೋಗಿ ಲೋಡ್ ಎಷ್ಟು ಅಂತ ಮಾತಾಡಿ. ಎಲ್ಲ ಮುಗಿದ ಮೇಲೆ ಹೋದರೆ ಗೋಡೆ ಒಡೆಯುವ ಕೆಲಸ ಬರುತ್ತದೆ.

ನಮ್ಮ ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟ್ ಬಂದದ್ದು 1902ರಲ್ಲಿ. ನೂರಿಪ್ಪತ್ತು ವರ್ಷಕ್ಕಿಂತ ಮುಂಚೆಯೇ ಕರೆಂಟ್ ಕಂಡ ಜಿಲ್ಲೆ ನಮ್ಮದು. ಇಲ್ಲಿ ಇನ್ನೂ ಮಂಟಪದ ವೈರ್‌ಗೆ ಟೇಪ್ ಸುತ್ತಿ ಬಿಡುತ್ತಾರೆ ಅಂದರೆ ಮನಸ್ಸಿಗೆ ನೋವಾಗುತ್ತದೆ.

ಗೌರಿಬಿದನೂರು ಟೀಚರ್

ನಾನು ಈ ಕೆಲಸದವಳಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಎರಡು ವರ್ಷದ ಹಿಂದೆ ನೆಂಟರ ಮದುವೆಗೆ ಹೋಗಿದ್ದೆವು. ಯಾವ ಮಂಟಪ ಅನ್ನುವುದು ಬೇಡ. ಧಾರೆ ಮುಗಿದು ಫೋಟೊ ತೆಗೆಯುತ್ತಿದ್ದರು. ಸ್ಟೇಜ್ ಮೇಲಿನ ಸೀಲಿಂಗ್ ಸಂದಿಯಿಂದ ತೆಳ್ಳಗೆ ಹೊಗೆ ಬಂತು. ಮೊದಲು ಎಲ್ಲರೂ ಸಾಂಬ್ರಾಣಿ ಹೊಗೆ ಅಂದುಕೊಂಡೆವು. ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಗಂಟಲು ಉರಿ. ಯಾರೋ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು. ಅವರು ಮಾಡಿದ್ದು ಸರಿಯೇ. ಆದರೆ ಅದರ ಜೊತೆಗೆ ಮೆಟ್ಟಿಲ ಲೈಟೂ ಹೋಯಿತು. ಮುನ್ನೂರು ಜನ ಒಂದೇ ಮೆಟ್ಟಿಲಲ್ಲಿ, ಕತ್ತಲಲ್ಲಿ. ಹಿಂದಿನ ಬಾಗಿಲಿಗೆ ಕುರ್ಚಿ ಪೇರಿಸಿ ಇಟ್ಟಿದ್ದರು. ನನ್ನ ಮಗಳ ಕೈ ಬಿಟ್ಟುಹೋಗಿ ಹತ್ತು ನಿಮಿಷ ಸಿಗಲಿಲ್ಲ. ದೇವರ ದಯೆ, ಯಾರಿಗೂ ಪ್ರಾಣಾಪಾಯ ಆಗಲಿಲ್ಲ.

ಆ ಹತ್ತು ನಿಮಿಷ ನಾನು ಈಗಲೂ ಮರೆತಿಲ್ಲ. ದಯವಿಟ್ಟು ಮೆಟ್ಟಿಲ ಲೈಟ್‌ಗೆ ಬೇರೆ ಲೈನ್ ಕೊಡಿಸಿ.

ಕೋಲಾರದ ಡಿಸೈನ್ ಕೆಲಸದವಳು

ಟೀಚರ್, ನೀವು ಇದನ್ನು ಬರೆದದ್ದು ಒಳ್ಳೆಯದಾಯಿತು. ಜನ ಸಾಯುವುದು ಬೆಂಕಿಗಿಂತ ಹೊಗೆಯಿಂದ ಜಾಸ್ತಿ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ತೀರಿಕೊಂಡರು. ಬೆಂಕಿ ಹತ್ತಿದ್ದು ಕೆಳಗಿನ ಪಾರ್ಕಿಂಗ್‌ನಲ್ಲಿದ್ದ ಟ್ರಾನ್ಸ್‌ಫಾರ್ಮರ್‌ನಿಂದ. ಜನ ಸತ್ತದ್ದು ಮೇಲಿನ ಬಾಲ್ಕನಿಯಲ್ಲಿ, ಹೊಗೆ ಕುಡಿದು ಉಸಿರು ಕಟ್ಟಿ. ನಿಮ್ಮ ಭವನದಲ್ಲೂ ಅಡುಗೆಮನೆ, ಮೇನ್ ಬೋರ್ಡ್ ಕೆಳಗೆ, ಜನ ಮೇಲೆ. ಅದಕ್ಕೇ ಕೆಳಗಿನಿಂದ ಮೇಲಕ್ಕೆ ಕೇಬಲ್ ಹೋಗುವ ಕಿಂಡಿಯನ್ನು ಕೆಲಸ ಮುಗಿದ ಮೇಲೆ ಬೆಂಕಿ ತಡೆಯುವ ಸೀಲಂಟ್ ಹಾಕಿ ಮುಚ್ಚಿಸಿ. ಬರೀ ಕಿಂಡಿ ಬಿಟ್ಟರೆ ಅದು ಹೊಗೆಗೆ ಚಿಮಣಿ.

ವೈರ್ ವಿಷಯವೂ ಇದೇ. ಸಾಮಾನ್ಯ ಪಿವಿಸಿ ವೈರ್ ಸುಟ್ಟರೆ ದಟ್ಟ ಕಪ್ಪು ಹೊಗೆ ಬರುತ್ತದೆ, ಅದರಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ನಿಮ್ಮ ಗಂಟಲು ಉರಿದದ್ದು ಅದರಿಂದಲೇ ಇರಬಹುದು. ಎಫ್‌ಆರ್ ಅಂದರೆ ಬೆಂಕಿ ಹಬ್ಬುವುದು ಕಡಿಮೆ, ಅಷ್ಟೇ. ಹೊಗೆ ಬಗ್ಗೆ ಅದು ಏನೂ ಹೇಳುವುದಿಲ್ಲ. ಎಫ್‌ಆರ್‌ಎಲ್‌ಎಸ್ ಅಂದರೆ ಹೊಗೆಯೂ ಕಡಿಮೆ, ಆದರೂ ತೂಕದ ಲೆಕ್ಕದಲ್ಲಿ ಶೇ. 20ರವರೆಗೆ ಆಮ್ಲದ ಅನಿಲ ಬರಬಹುದು. ಹ್ಯಾಲೊಜನ್ (ಕ್ಲೋರಿನ್‌ನಂಥ ವಸ್ತು) ಇಲ್ಲದ ಎಚ್‌ಎಫ್‌ಎಫ್‌ಆರ್ ವೈರ್ ಬೇರೆ, ಅದರ ಮಾನಕ ಐಎಸ್ 17048. ಜನ ಕೂರುವ ಹಾಲ್, ಮೆಟ್ಟಿಲು, ಓಡಾಡುವ ದಾರಿಗೆ ಅದನ್ನೇ ಹಾಕಿಸಿ. ಇಡೀ ಕಟ್ಟಡಕ್ಕೆ ದುಡ್ಡು ಸಾಲದಿದ್ದರೆ ಅಡುಗೆಮನೆ, ಹೊರಗಿನ ಲೈಟ್‌ಗೆ ಎಫ್‌ಆರ್‌ಎಲ್‌ಎಸ್ ಇರಲಿ. ಪೈಪ್ ಬಗ್ಗೆ ಇಷ್ಟು ಚರ್ಚೆ ಮಾಡಿ, ಒಳಗೆ ಎಳೆಯುವ ವೈರನ್ನು ಅಂಗಡಿಯವರು ಕೊಟ್ಟದ್ದು ಅಂತ ತರಬೇಡಿ.

ಮೆಟ್ಟಿಲು ಮತ್ತು ಹೊರಹೋಗುವ ಬಾಗಿಲ ಲೈಟ್ ಬೇರೆ ಸರ್ಕ್ಯೂಟ್, ಬೇರೆ ಪೈಪ್, ಜೊತೆಗೆ ಬ್ಯಾಟರಿ ಇರಬೇಕು. ಕರೆಂಟ್ ಹೋದ ಮೇಲೆ ಒಂದೂವರೆ ಗಂಟೆ ಉರಿಯುವಂಥದ್ದು ತೆಗೆದುಕೊಳ್ಳಿ. ಮೇನ್ ಇಳಿಸಿದರೂ ಅದು ಉರಿಯುತ್ತಿರಬೇಕು.

ತಿಪಟೂರು ಡೆಕೋರೇಷನ್

ನೀವೆಲ್ಲ ಬರೆದದ್ದು ಓದಿದೆ. ನಾನು ಹದಿನಾರು ವರ್ಷದಿಂದ ಮಂಟಪಗಳಿಗೆ ಸ್ಟೇಜ್, ಲೈಟಿಂಗ್ ಹಾಕುತ್ತಿದ್ದೇನೆ. ನಮ್ಮ ಕಡೆಯಿಂದ ಒಂದು ಸತ್ಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಎಷ್ಟೇ ಒಳ್ಳೆ ಪೈಪ್ ಹಾಕಿ, ಸ್ಟೇಜ್ ಮೇಲೆ ನಮಗೆ ಪ್ಲಗ್ ಇಲ್ಲದಿದ್ದರೆ ನಾವು ಕರೆಂಟ್ ಎಲ್ಲಿಂದ ತೆಗೆಯಬೇಕು? ಎಷ್ಟೋ ಮಂಟಪಗಳಲ್ಲಿ 400 ಜನದ ಹಾಲ್‌ಗೆ ಸ್ಟೇಜ್ ಪಕ್ಕ ಎರಡೇ ಪ್ಲಗ್. ನಮ್ಮ ಲೈಟ್, ಸೌಂಡ್‌ನವರು, ವಿಡಿಯೊದವರು, ಎಲ್‌ಇಡಿ ಪರದೆ, ಏರ್ ಕೂಲರ್, ಎಲ್ಲರೂ ಅದರ ಮೇಲೇ ಬೀಳುತ್ತೇವೆ. ರಾತ್ರಿ ಹನ್ನೊಂದಕ್ಕೆ ಹಾಲ್ ಬೀಗ ಕೊಡುತ್ತಾರೆ, ಬೆಳಗ್ಗೆ ಐದಕ್ಕೆ ಸ್ಟೇಜ್ ರೆಡಿ ಇರಬೇಕು. ಹುಡುಗರು ಸೀಲಿಂಗ್ ತೆಗೆದು ಫ್ಯಾನ್ ವೈರ್‌ಗೆ ಸಿಕ್ಕಿಸುತ್ತಾರೆ, ಇಲ್ಲವೇ ಡಿಬಿ (ಕರೆಂಟ್ ಹಂಚುವ ಬೋರ್ಡ್) ಬಾಗಿಲು ತೆಗೆದು ನೇರ ತೆಗೆಯುತ್ತಾರೆ. ಟೀಚರ್ ಅಕ್ಕ ಹೇಳಿದ ಹೊಗೆ ಅಂಥದ್ದೇ ಜಾಯಿಂಟ್‌ನಿಂದ ಬಂದಿರಬಹುದು. ತಪ್ಪು ನಮ್ಮದು, ಇಲ್ಲ ಅನ್ನುವುದಿಲ್ಲ.

ಶ್ರೀರಂಗಂನಲ್ಲಿ 2004ರ ಜನವರಿಯಲ್ಲಿ ಮದುವೆ ಮಂಟಪಕ್ಕೆ ಬೆಂಕಿ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು, ಮದುವೆ ಗಂಡೂ ಹೋದ. ವಿಡಿಯೊ ಲೈಟ್‌ನ ವೈರ್‌ನಿಂದ ಗರಿಯ ಚಪ್ಪರಕ್ಕೆ ಹತ್ತಿದ ಬೆಂಕಿ ಅದು. ನಮ್ಮ ಕೆಲಸದವರು ಯಾರೂ ಅದನ್ನು ಮರೆಯಬಾರದು.

ಹಾಗಾಗಿ ಕೇಳಿಕೊಳ್ಳುವುದು ಇಷ್ಟೇ. ಸ್ಟೇಜ್‌ಗೆ ಬೇರೆ ಡಿಬಿ ಕೊಡಿ. ಮೇನ್‌ನಿಂದ ಅಲ್ಲಿಗೆ ಆರ್ಮರ್ಡ್ ಕೇಬಲ್ (ಲೋಹದ ಕವಚದ ಕೇಬಲ್) ಎಳೆಸಿ. ಎಡಕ್ಕೊಂದು, ಬಲಕ್ಕೊಂದು ಇಂಡಸ್ಟ್ರಿಯಲ್ ಪ್ಲಗ್ ಬೋರ್ಡ್ ಕೊಡಿ. ಮುಂಬಾಗಿಲ ಕಮಾನಿಗೊಂದು, ಹೊರಗಿನ ಚಪ್ಪರಕ್ಕೊಂದು, ಹಾಲ್ ಮಧ್ಯದ ವಿಡಿಯೊದವರಿಗೊಂದು. ಕೊಟ್ಟರೆ ನಾವು ಸೀಲಿಂಗ್ ಮುಟ್ಟುವುದೇ ಇಲ್ಲ.

ಶಿರಾ ವೈರ್‌ಮ್ಯಾನ್

ಅಣ್ಣ, ಇಷ್ಟು ಮುಖ್ಯವಾದ ಮಾತು ನಾವ್ಯಾರೂ ಹೇಳಿರಲಿಲ್ಲ. ನಾವು ಕಟ್ಟಡದ ಲೆಕ್ಕ ಹಾಕುತ್ತೇವೆ, ಮದುವೆ ದಿನದ ಲೆಕ್ಕ ಹಾಕುವುದಿಲ್ಲ.

ಕೋಲಾರದ ಡಿಸೈನ್ ಕೆಲಸದವಳು

ನಿಜ. ವೈರಿಂಗ್ ವಿಧಾನ ಆರಿಸುವುದು ಅಂದರೆ ಪೈಪ್ ಆರಿಸುವುದು ಮಾತ್ರ ಅಲ್ಲ. ಜನ ಅದನ್ನು ಹೇಗೆ ಬಳಸುತ್ತಾರೆ ಅನ್ನುವುದೂ ಅದರಲ್ಲೇ ಬರುತ್ತದೆ. ಸ್ಟೇಜ್ ಡಿಬಿಯ ಪ್ಲಗ್‌ಗಳಿಗೆಲ್ಲ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಹಾಲ್ ಲೈಟ್‌ನ ಆರ್‌ಸಿಸಿಬಿ ಬೇರೆ ಇರಲಿ. ಒಂದಕ್ಕೇ ಎಲ್ಲ ಸೇರಿಸಿದರೆ ಡೆಕೋರೇಷನ್‌ನ ಒಂದು ಒದ್ದೆ ವೈರ್‌ಗೆ ಇಡೀ ಹಾಲ್ ಕತ್ತಲಾಗುತ್ತದೆ. ಆಮೇಲೆ ಯಾರೋ ಸಿಟ್ಟಿಗೆ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುತ್ತಾರೆ. ಜನರೇಟರ್‌ಗೆ ನಾಲ್ಕು ಪೋಲ್ ಚೇಂಜ್ ಓವರ್ (ಮೂರು ಫೇಸ್ ಜೊತೆ ನ್ಯೂಟ್ರಲ್ ಕೂಡ ಬದಲಿಸುವ ಸ್ವಿಚ್) ಇರಲಿ. ಬಾಡಿಗೆಗೆ ತರುವ ಜನರೇಟರ್ ಆದರೂ ಅದಕ್ಕೆ ಹೊರಗೋಡೆಯಲ್ಲಿ ಖಾಯಂ ಬಾಕ್ಸ್ ಮಾಡಿಸಿ. ಕಿಟಕಿಯಿಂದ ಕೇಬಲ್ ಎಳೆಯುವುದು ಬೇಡವೇ ಬೇಡ.

ಮಧುಗಿರಿ ಕಂಟ್ರ್ಯಾಕ್ಟರ್

ಕಾರ್ಯದರ್ಶಿಗಳೇ, ಕೆಲಸ ಮುಗಿದ ಮೇಲೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು ನಿಮ್ಮ ಕಣ್ಣೆದುರೇ ಟೆಸ್ಟ್ ಮಾಡಿಸಿ. ಪ್ರತಿ ಸರ್ಕ್ಯೂಟ್‌ಗೂ ಕನಿಷ್ಠ 1 ಮೆಗಾ ಓಮ್ ಬರಬೇಕು. ಹೊಸ ವೈರಿಂಗ್‌ನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಕಡಿಮೆ ತೋರಿಸಿದರೆ ಎಲ್ಲೋ ವೈರ್ ಸೀಳಿರಬಹುದು ಅಂತ ಅರ್ಥ. ಆ ಕಾಗದಕ್ಕೆ ಸಹಿ ಹಾಕಿಸಿಕೊಂಡ ಮೇಲೆ ಕೊನೆಯ ಬಿಲ್ ಕೊಡಿ. ಇದನ್ನು ಕಂಟ್ರ್ಯಾಕ್ಟರ್ ಆಗಿ ನಾನೇ ಹೇಳುತ್ತಿದ್ದೇನೆ.

ಕಮಿಟಿ ಕಾರ್ಯದರ್ಶಿ, ಚಿಂತಾಮಣಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಸಂಜೆ ಕಮಿಟಿಯಲ್ಲಿ ಇದನ್ನೆಲ್ಲ ಗಟ್ಟಿಯಾಗಿ ಓದಿದೆ. ಟೀಚರ್ ಮೇಡಂ ಬರೆದದ್ದು ಓದುವಾಗ ಹಿರಿಯರು ಯಾರೂ ಮಾತಾಡಲಿಲ್ಲ. ಕಿಟಕಿಗೆ ಗ್ರಿಲ್ ಡಿಸೈನ್ ಸರಳ ಮಾಡಿ, ಆ ದುಡ್ಡು ವೈರ್‌ಗೆ ಹಾಕಿ ಅಂದರು.

ತೀರ್ಮಾನ ಹೀಗಾಗಿದೆ. ಸ್ಲ್ಯಾಬ್, ಗೋಡೆ ಒಳಗೆ ಗಟ್ಟಿ ಪಿವಿಸಿ. ಲೈಟ್ ಬರುವ ಜಾಗಕ್ಕೆಲ್ಲ ಸ್ಲ್ಯಾಬ್ ಬಾಕ್ಸ್. ಸ್ಟೇಜ್ ಹಿಂದೆ, ಕೆಳಗೆ ಕಬ್ಬಿಣದ ಪೈಪ್. ಹಾಲ್, ಮೆಟ್ಟಿಲಿಗೆ ಎಚ್‌ಎಫ್‌ಎಫ್‌ಆರ್. ನಮ್ಮ ಎಲೆಕ್ಟ್ರಿಷಿಯನ್ ಹತ್ತಿರ ವೈರ್‌ಮ್ಯಾನ್ ಪರ್ಮಿಟ್ ಮಾತ್ರ ಇದೆ. ಅವರೇ ಒಬ್ಬ ಲೈಸೆನ್ಸ್ ಇರುವ ಕಂಟ್ರ್ಯಾಕ್ಟರ್‌ನ ಕರೆದುಕೊಂಡು ಬರುತ್ತಾರೆ. ಸೋಮವಾರ ನಕ್ಷೆ ಹಿಡಿದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗುತ್ತೇವೆ. ಸ್ಲ್ಯಾಬ್ ನಾಲ್ಕು ದಿನ ಮುಂದಕ್ಕೆ ಹಾಕಿದ್ದೇವೆ.

ಒಂದು ಉಳಿದಿದೆ. ಸ್ಟೇಜ್ ಅಗಲ 28 ಅಡಿ, ಆಳ 16 ಅಡಿ. ಪ್ಲಗ್ ಬೋರ್ಡ್ ಗೋಡೆಯಲ್ಲಿ ಎಷ್ಟು ಎತ್ತರಕ್ಕೆ ಇದ್ದರೆ ನಿಮ್ಮ ಹುಡುಗರಿಗೆ ಅನುಕೂಲ, ತಿಪಟೂರು ಅಣ್ಣ?

ತಿಪಟೂರು ಡೆಕೋರೇಷನ್

ಸ್ಟೇಜ್ ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಇರಲಿ. ಪೂರ್ತಿ ಮೂಲೆಗೆ ಬೇಡ, ಅಲ್ಲಿ ಪರದೆ, ಹೂವಿನ ಸ್ಟ್ಯಾಂಡ್ ಬರುತ್ತದೆ. ಬಟ್ಟೆ ತಾಗದ ಹಾಗೆ ಪಕ್ಕದ ಗೋಡೆಯಲ್ಲಿ, ಮುಂದಿನಿಂದ ನಾಲ್ಕು ಅಡಿ ಒಳಗೆ. ನೆಲದಲ್ಲಿ ಪ್ಲಗ್ ಇಡಿಸಬೇಡಿ, ಧಾರೆ ನೀರು ಬೀಳುತ್ತದೆ. ಗುರುವಾರ ಕೈವಾರದ ಹತ್ತಿರ ಒಂದು ಮದುವೆ ಕೆಲಸ ಇದೆ ನನಗೆ. ಮುಗಿಸಿಕೊಂಡು ನಿಮ್ಮೂರಿಗೆ ಬರುತ್ತೇನೆ, ಸುಣ್ಣದ ಗುರುತು ನಾನೇ ಹಾಕಿಕೊಟ್ಟು ಹೋಗುತ್ತೇನೆ.